ಮರಣ ಅಂಕಿಅಂಶಗಳ ಅಂದಾಜು: ದಾವಣಗೆರೆ–ಹರಿಹರ

ನೋಂದಣಿಯಾಗದೆ ಉಳಿದ, ಬೇರೆ ಊರಿನ ಲೆಕ್ಕಕ್ಕೆ ಸೇರಿದ ಅಥವಾ ಕಾರಣ ಸ್ಪಷ್ಟವಿಲ್ಲದ ಸಾವುಗಳನ್ನು ಗಣಿತದಿಂದ ಸರಿದೂಗಿಸುವ ಕ್ರಮ. ದಾವಣಗೆರೆ, ಹರಿಹರಗಳ ಮಟ್ಟಿಗೆ ಸಾವು ಯಾವ ಊರಿನ ಲೆಕ್ಕಕ್ಕೆ ಹೋಗುತ್ತದೆ ಎಂಬುದು, ಎಷ್ಟು ಸಾವು ಬಿಟ್ಟುಹೋಗುತ್ತವೆ ಎಂಬುದರಷ್ಟೇ ಮುಖ್ಯ.

ನೋಂದಣಿ

1969ರ ಜನನ ಮರಣ ನೋಂದಣಿ ಕಾಯ್ದೆಯಂತೆ 21 ದಿನದೊಳಗೆ ಸಾವು ತಿಳಿಸಿದರೆ ಶುಲ್ಕವಿಲ್ಲ. ಆದರೂ ಜನ ಕಚೇರಿಗೆ ಬರುವುದು ಕಾಗದದ ಅಗತ್ಯ ಬಿದ್ದಾಗಲೇ. ಹೊಲ ಮಕ್ಕಳ ಹೆಸರಿಗೆ ಪೌತಿ ಖಾತೆ ಆಗಬೇಕಾದರೆ ಮರಣ ಪ್ರಮಾಣಪತ್ರ ಬೇಕು. ಆಸ್ತಿಯಿಲ್ಲದ ಮುದುಕಿ, ಹೆಸರಿಡುವ ಮೊದಲೇ ತೀರಿಕೊಂಡ ಕೂಸು ಇವರ ಕಾಗದ ಕೇಳುವವರು ಕಡಿಮೆ. ಆದ್ದರಿಂದ ಎಲ್ಲ ವಯಸ್ಸಿಗೂ ಒಂದೇ ಗುಣಕ ಹಚ್ಚಿ ಸರಿಪಡಿಸುವ ರೂಢಿಯನ್ನು ಒಪ್ಪುವುದು ಕಷ್ಟ.

ಎರಡು ಪಟ್ಟಿಗಳ ವಿಧಾನ

ಎರಡು ಬೇರೆ ಬೇರೆ ಪಟ್ಟಿಗಳನ್ನು ಹೋಲಿಸಿ, ಎರಡರಲ್ಲೂ ಬಿಟ್ಟುಹೋದ ಸಾವುಗಳನ್ನು ಅಂದಾಜಿಸುವ ಈ ವಿಧಾನವನ್ನು ಸಿ. ಚಂದ್ರಶೇಖರನ್ ಮತ್ತು ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ 1949ರಲ್ಲಿ ಪ್ರಕಟಿಸಿದರು. ಕಲ್ಕತ್ತೆಯ ಹತ್ತಿರದ ಸಿಂಗೂರಿನಲ್ಲಿ 1947ರಲ್ಲಿ ಕಲೆಹಾಕಿದ ಮಾಹಿತಿ ಇದರ ಆಧಾರ. ಚಂದ್ರಶೇಖರನ್ ಮುಂದೆ 1951–52ರ ಮೈಸೂರು ಜನಸಂಖ್ಯಾ ಅಧ್ಯಯನದಲ್ಲೂ ದುಡಿದರು.

ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. ನೋಂದಣಿ ಪುಸ್ತಕದಲ್ಲಿ 80 ಸಾವು, ಮನೆಮನೆ ಸಮೀಕ್ಷೆಯಲ್ಲಿ 90, ಎರಡರಲ್ಲೂ ಸಿಕ್ಕವು 72. ಪುಸ್ತಕದಲ್ಲಿ ಮಾತ್ರ ಇರುವವು 8, ಸಮೀಕ್ಷೆಯಲ್ಲಿ ಮಾತ್ರ 18. ಈ ಎರಡನ್ನು ಗುಣಿಸಿ 72ರಿಂದ ಭಾಗಿಸಿದರೆ 2: ಎರಡೂ ಕಡೆ ತಪ್ಪಿಸಿಕೊಂಡವು ಇಷ್ಟು. ಒಟ್ಟು ಸಾವು 100, ನೋಂದಣಿಯ ಪೂರ್ಣತೆ ನೂರಕ್ಕೆ 80.

ಒಂದು ಪಟ್ಟಿಯಲ್ಲಿ ಬಿಟ್ಟುಹೋಗುವುದಕ್ಕೂ ಇನ್ನೊಂದರಲ್ಲಿ ಬಿಟ್ಟುಹೋಗುವುದಕ್ಕೂ ಸಂಬಂಧವಿರಬಾರದು ಎಂಬುದು ಇಲ್ಲಿನ ಷರತ್ತು. ತವರಲ್ಲಿ ಹುಟ್ಟಿ ಮೊದಲ ದಿನವೇ ತೀರಿಕೊಂಡ ಕೂಸನ್ನು ನೋಂದಣಿದಾರರೂ ಸಮೀಕ್ಷಕರೂ ಬಿಟ್ಟುಬಿಡುವ ಸಂಭವ ಹೆಚ್ಚು. ಆಗ ಅಂದಾಜು ನಿಜಕ್ಕಿಂತ ಕೆಳಗಿಳಿಯುತ್ತದೆ. ವಯಸ್ಸು, ಲಿಂಗ, ಊರುಗಳ ಪ್ರಕಾರ ಗುಂಪು ಮಾಡಿ, ಗುಂಪುಗುಂಪಿಗೂ ಬೇರೆ ಲೆಕ್ಕ ಹಾಕಿ ಕೂಡಿಸಿರೆಂದು ಮೂಲ ಲೇಖಕರೇ ಸೂಚಿಸಿದ್ದರು. ಪಟ್ಟಿಗಳನ್ನು ಹೊಂದಿಸುವ ಕೆಲಸವೂ ಸುಲಭದ್ದಲ್ಲ. ಪುಸ್ತಕದ ‘ಹನುಮಂತಪ್ಪ’ ಸಮೀಕ್ಷೆಯಲ್ಲಿ ‘ಹನುಮಪ್ಪ’ನಾದರೆ, ಒಬ್ಬನೇ ಇಬ್ಬರಾಗಿ ಅಂದಾಜು ಉಬ್ಬುತ್ತದೆ.

ಭಾರತದ ಮಾದರಿ ನೋಂದಣಿ ವ್ಯವಸ್ಥೆಯೂ ಎರಡು ದಾಖಲೆಗಳನ್ನು ಹೋಲಿಸುತ್ತದೆ. ಆದರೆ ಅಲ್ಲಿ ತಾಳೆಯಾಗದವನ್ನು ಸೂತ್ರಕ್ಕೆ ಬಿಡದೆ ಮತ್ತೆ ಮನೆಗೆ ಹೋಗಿ ಪರಿಶೀಲಿಸುತ್ತಾರೆ. ಅದರ ಮಾದರಿ ರಾಜ್ಯಮಟ್ಟಕ್ಕೆ ಸಾಲುವಷ್ಟಿದೆ, ಜಿಲ್ಲೆಗಲ್ಲ.

ಸ್ಥಳಾಂತರ

ಸಾವು ನೋಂದಣಿಯಾಗುವುದು ಅದು ಸಂಭವಿಸಿದ ಸ್ಥಳದಲ್ಲಿ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆಗಳಿಗೆ ಜಗಳೂರು, ಹರಪನಹಳ್ಳಿ, ರಾಣೆಬೆನ್ನೂರು ಕಡೆಯ ರೋಗಿಗಳೂ ಬರುತ್ತಾರೆ. ಅವರು ಇಲ್ಲಿ ತೀರಿಕೊಂಡರೆ ದಾವಣಗೆರೆಯ ಸಂಖ್ಯೆ ಏರುತ್ತದೆ, ಅವರ ಊರಿನದು ಇಳಿಯುತ್ತದೆ. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ. ಸೇತುವೆಯ ಆಚೆ ಈಚೆ ಓಡಾಡುವವರಿಗೆ ಗಡಿ ಲೆಕ್ಕಕ್ಕಿಲ್ಲ, ಅಂಕಿಅಂಶಕ್ಕೆ ಮಾತ್ರ ಅದೇ ಗಡಿ. ಮರಣ ವರದಿಯ ಸಂಖ್ಯಾಶಾಸ್ತ್ರೀಯ ಭಾಗದಲ್ಲಿ ಮೃತರ ವಾಸದ ಊರಿನ ಕಾಲಂ ಇದೆ. ಅದನ್ನು ಸರಿಯಾಗಿ ತುಂಬಿದ್ದರೆ ಸಾವುಗಳನ್ನು ಊರೂರಿಗೆ ಮರಳಿ ಹಂಚಬಹುದು. ತುರ್ತಿನಲ್ಲಿ ನಗರದ ನೆಂಟರ ವಿಳಾಸ ಬರೆಸಿದರೆ ಆ ದಾರಿಯೂ ಮುಚ್ಚುತ್ತದೆ.

ಸಾವಿನ ಕಾರಣ

ಆಸ್ಪತ್ರೆಯಲ್ಲಿ ಸಾವಾದರೆ ವೈದ್ಯರು ಅದರ ಕಾರಣವನ್ನು ಫಾರಂ 4ರಲ್ಲಿ ದೃಢೀಕರಿಸುತ್ತಾರೆ. ಮೂಲ ಕಾಯಿಲೆ ಮೊದಲ ಭಾಗದ ಕೊನೆಯ ಸಾಲಿನಲ್ಲಿರಬೇಕು. ‘ಹೃದಯ ಸ್ತಂಭನ’ ಎಂದಷ್ಟೇ ಬರೆದರೆ ಅದು ಸಾವಿನ ಬಗೆಯೇ ಹೊರತು ಕಾರಣವಲ್ಲ. ಜಾಗತಿಕ ಅಂದಾಜುಗಳಲ್ಲಿ ಇಂಥವನ್ನು ಬೇರೆ ಕಾರಣಗಳಿಗೆ ಹಂಚುತ್ತಾರೆ.

ಕೋವಿಡ್ ವಿವಾದ

2020–21ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ (ಮಾಮೂಲಿಯಾಗಿ ನಿರೀಕ್ಷಿಸುವುದಕ್ಕಿಂತ ಹೆಚ್ಚಾದ) ಸಾವು ಸಂಭವಿಸಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇನಲ್ಲಿ ಅಂದಾಜಿಸಿತು. ಕೇಂದ್ರ ಸರ್ಕಾರ ಆ ಅಂದಾಜಿನ ವಿಧಾನವನ್ನೇ ಆಕ್ಷೇಪಿಸಿತು.

ಛೇದದ ತೊಡಕು

ಮರಣ ದರದ ಛೇದ ಜನಸಂಖ್ಯೆ; ಅದನ್ನು ತಿಳಿಯುವುದೂ ಇಲ್ಲಿ ಸುಲಭವಲ್ಲ. ದಾವಣಗೆರೆ ಜಿಲ್ಲೆ ರೂಪುಗೊಂಡದ್ದು 1997ರ ಆಗಸ್ಟ್ 15ರಂದು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆಯಾದ 19,45,497ರಲ್ಲಿ ಹರಪನಹಳ್ಳಿ ತಾಲ್ಲೂಕೂ ಸೇರಿತ್ತು. 2018ರಲ್ಲಿ ಅದು ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. 2021ರ ಗಣತಿ ನಡೆಯಲಿಲ್ಲ. ಜಿಲ್ಲೆಯ ಈಗಿನ ಮರಣ ದರ ಕಟ್ಟುವವರು ಮೊದಲು ಹರಪನಹಳ್ಳಿಯ ಜನರನ್ನು ಕಳೆದು, ಆಮೇಲೆ ಉಳಿದವರ ಬೆಳವಣಿಗೆಯನ್ನು ಅಂದಾಜಿಸಬೇಕಾಗುತ್ತದೆ.