ಹಲೋ ಅಂದ್ರೆ ಅರ್ಥ ಏನು?

ವಾಟ್ಸಾಪ್‌ನಲ್ಲಿ ತಿರುಗೋ ಆ ಕಥೆ ನಿಮಗೂ ಬಂದಿರತ್ತೆ: ಗ್ರಹಾಂ ಬೆಲ್‌ನ ಪ್ರೇಯಸಿ ಹೆಸರು ಮಾರ್ಗರೆಟ್ ಹಲೋ, ಫೋನಲ್ಲಿ ಮೊದಲು ಕರೆದಿದ್ದು ಅವಳನ್ನೇ, ಅದಕ್ಕೇ ನಾವೆಲ್ಲ ಹಲೋ ಅಂತೀವಿ. ಶುದ್ಧ ಕಟ್ಟುಕಥೆ. 1877ರ ಜುಲೈನಲ್ಲಿ ಬೆಲ್ ಮದುವೆಯಾದದ್ದು ಮೇಬಲ್ ಹಬ್ಬರ್ಡ್ ಅವರನ್ನ. ಚಿಕ್ಕಂದಿನಲ್ಲೇ ಜ್ವರ ಬಂದು ಆಕೆಗೆ ಕಿವಿ ಹೋಗಿತ್ತು. ಗಂಡನ ಫೋನಲ್ಲಿ ಯಾರು ಏನಂದ್ರೂ ಕೇಳಿಸ್ತಿರಲಿಲ್ಲ. ಬೆಲ್‌ಗೆ ಇಷ್ಟವಾಗಿದ್ದದ್ದು ಹಡಗಿನವರ ಕೂಗು, 'ಅಹೋಯ್'.

ಹಲೋ ಹೇಳಿಕೊಟ್ಟದ್ದು ಎಡಿಸನ್. 1877ರ ಆಗಸ್ಟ್ 15ರಂದು ಪಿಟ್ಸ್‌ಬರ್ಗ್‌ನ ಟೆಲಿಗ್ರಾಫ್ ಕಂಪನಿಯ ಡೇವಿಡ್ ಎಂಬವರಿಗೆ ಅವರು ಬರೆದ ಪತ್ರ ಉಳಿದಿದೆ. ಫೋನಿಗೆ ಬೇರೆ ಗಂಟೆ ಬೇಕಿಲ್ಲ, ಹಲೋ ಅಂದ್ರೆ 10ರಿಂದ 20 ಅಡಿ ದೂರಕ್ಕೆ ಕೇಳತ್ತೆ ಅನ್ನೋದು ವಾದ. ಅಂದ್ರೆ ನೋಡಿ, ಹಲೋ ಇಲ್ಲಿ ನಮಸ್ಕಾರ ಅಲ್ಲ, ಗಂಟೆ! ಅದಕ್ಕೂ ಮೊದಲು ಇಂಗ್ಲಿಷಿನಲ್ಲಿ ಅದು ಆಶ್ಚರ್ಯದ ಉದ್ಗಾರ, ದೂರದವರನ್ನ ಕೂಗೋ ಸದ್ದು. ಅದರ ಅಣ್ಣತಮ್ಮಂದಿರಾದ 'ಹಲ್ಲೂ', 'ಹೊಲ್ಲಾ' ಬೇಟೆನಾಯಿಗಳನ್ನ ಹುರಿದುಂಬಿಸೋಕೆ, ದೋಣಿಯವನನ್ನ ಕರೆಯೋಕೆ ಬಳಕೆಯಲ್ಲಿದ್ದವು.

ಈಗ ಇದ್ಯಾಕೆ ಅಂದ್ರೆ, ನಾನಿರೋದು ನಾಸಿಕದ ಸಾತಪುರದಲ್ಲಿ. ಮಹಾರಾಷ್ಟ್ರ ಸರ್ಕಾರ 2022ರ ಅಕ್ಟೋಬರ್ 2ರಿಂದ ತನ್ನ ನೌಕರರಿಗೆ ಹಲೋ ಬದಲು 'ವಂದೇ ಮಾತರಂ' ಅನ್ನಿ ಅಂತ ಹೇಳಿತು. ಕಡ್ಡಾಯ ಅಲ್ಲ, ಪ್ರೋತ್ಸಾಹ ಅಷ್ಟೇ. ಕೊಟ್ಟ ಕಾರಣ: ಹಲೋ ಪಾಶ್ಚಾತ್ಯರ ಅನುಕರಣೆ, ಅದಕ್ಕೆ ನಿರ್ದಿಷ್ಟ ಅರ್ಥ ಇಲ್ಲ. ವಂದೇ ಮಾತರಂ ಅನ್ನೋರು ಖುಷಿಯಾಗಿ ಅನ್ನಲಿ, ಅದರಲ್ಲಿ ತಕರಾರಿಲ್ಲ. ಆದ್ರೆ ಅರ್ಥ ಇಲ್ಲ ಅನ್ನೋ ಮಾತು ನನಗೆ ಒಪ್ಪಿಗೆಯಿಲ್ಲ. ನೆಟ್‌ವರ್ಕ್ ಕೆಲಸ ಮಾಡೋರಿಗೆ ಪಿಂಗ್ ಗೊತ್ತು. ಆ ಪ್ಯಾಕೆಟ್ ಹೊತ್ತೊಯ್ಯೋ ಸುದ್ದಿ ಏನೂ ಇಲ್ಲ. ಆ ಕಡೆ ಯಂತ್ರ ಎದ್ದಿದೆಯಾ ಅಂತ ನೋಡೋದೇ ಅದರ ಕೆಲಸ. ಸಿಗ್ನಲ್ ಬಿಟ್ಟುಬಿಟ್ಟು ಬಂದಾಗ ನಾವು ನಾಲ್ಕು ಸಲ "ಹಲೋ, ಹಲೋ" ಅನ್ನೋದೂ ಅದಕ್ಕೇ. ನಾಲ್ಕು ಸಲ ಯಾರೂ ನಮಸ್ಕಾರ ಮಾಡಲ್ಲ!

ಕನ್ನಡದಲ್ಲಿ ಇದಕ್ಕೊಂದು ಕ್ರಿಯಾಪದವೇ ಇದೆ: ಓಗೊಡು. ಅಡುಗೆಮನೆಯಿಂದ ಅಮ್ಮ ಕೂಗಿದರೆ ಹಿತ್ತಲಿಂದ "ಓ..." ಅಂತೀವಿ. ಆ 'ಓ'ಗೆ ಏನರ್ಥ? ಇದ್ದೀನಿ, ಕೇಳಿಸ್ತು. ನಮ್ಮಲ್ಲಿ ಕರೆಯೋದಕ್ಕೆ ಒಂದು, ಓಗೊಡೋದಕ್ಕೆ ಇನ್ನೊಂದು. ಹಲೋ ಎರಡನ್ನೂ ಮಾಡತ್ತೆ. ಜೊತೆಗೆ ಕ್ಯೂ ತಪ್ಪಿಸಿ ನುಗ್ಗಿದವರಿಗೆ "ಹಲೋ ಸ್ವಾಮಿ!" ಅಂತ ಗದರಿಸೋದು ನಾವೇ ಕಲಿಸಿದ ಕೆಲಸ.

ಅಂದಹಾಗೆ, 1878ರಲ್ಲಿ ಅಮೆರಿಕದ ನ್ಯೂ ಹೇವನ್‌ನ ಫೋನ್ ಡೈರೆಕ್ಟರಿ, ಮಾತು ಶುರುಮಾಡೋಕೆ 'ಹಲ್ಲೋವ' ಅನ್ನಿ, ಮುಗಿಸೋಕೆ 'ಅಷ್ಟೇ' ಅನ್ನೋ ಅರ್ಥದ ಮಾತು ಹೇಳಿ ಅಂತ ಸೂಚಿಸಿತ್ತು. ಮೊದಲನೆಯದು ಜಗತ್ತೆಲ್ಲ ಸುತ್ತಿತು, ಎರಡನೆಯದು ಅಲ್ಲೇ ಉಳೀತು. ನಾವು ಈಗಲೂ "ಸರಿ, ಇಡ್ಲಾ?" ಅಂತ ಕೇಳಿ, ಮತ್ತೆ ಹತ್ತು ನಿಮಿಷ ಮಾತಾಡ್ತೀವಿ.