ಸತ್ರ, ಛತ್ರ ಮತ್ತು ಮರದ ನೆರಳು

ಶ್ರೀರಂಗಪಟ್ಟಣದ ಬಳಿ ಕಾವೇರಿಯ ಕವಲೊಂದು ಪಡುವಣಕ್ಕೆ ತಿರುಗಿ ಹರಿಯುವ ತಾಣವೇ ಪಶ್ಚಿಮವಾಹಿನಿ. ಅಸ್ಥಿ ವಿಸರ್ಜನೆಗೂ ಉತ್ತರಕ್ರಿಯೆಗೂ ಜನ ಇಲ್ಲಿಗೆ ಬರುತ್ತಾರೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ವಿಸರ್ಜಿಸಿದ್ದೂ ಇಲ್ಲಿಯೇ. ದುಃಖ ಹೊತ್ತು ಬಂದವರ ತಂಗುದಾಣವಾಗಿ ಮೈಸೂರು ಒಡೆಯರ ಕಾಲದಲ್ಲಿ ಎದ್ದ ಛತ್ರಗಳು ಇಂದು ಬಹುಮಟ್ಟಿಗೆ ಶಿಥಿಲಗೊಂಡಿವೆ. ದಂಡೆಯ ಹಾದಿಯಲ್ಲಿ ನಡೆಯುವವರಿಗೆ ಈ ಹಳೆಯ ಗೋಡೆಗಳೂ ಹಿರಿಯ ಮರಗಳೂ ಒಟ್ಟಿಗೇ ಎದುರಾಗುತ್ತವೆ.

'ಛತ್ರ' ಎಂಬ ರೂಪ ಕೊಡೆಯನ್ನು ನೆನಪಿಸುತ್ತದೆ. ಆದರೆ ಈ ಅರ್ಥದಲ್ಲಿ ಅದರ ಮೂಲ ಸಂಸ್ಕೃತದ 'ಸತ್ತ್ರ', ಅಂದರೆ ಹಲವು ದಿನ ನಡೆಯುವ ಸೋಮಯಾಗ. ಕಾಲಾಂತರದಲ್ಲಿ ಅದು ನಿರಂತರ ಅನ್ನದಾನಕ್ಕೆ ಹೆಸರಾಯಿತು. ಕನ್ನಡ ಶಾಸನಗಳಲ್ಲಿ 'ಸತ್ರ'ದೊಂದಿಗೆ ನೀರುಣಿಸುವ 'ಅರವಂಟಿಗೆ'ಯ ಉಲ್ಲೇಖವೂ ದೊರೆಯುತ್ತದೆ. ಅನ್ನ, ನೀರು, ಸೂರು, ನೆರಳು: ನಾಲ್ಕೂ ಕೂಡಿದಾಗಲೇ ದಾರಿಗನಿಗೆ ಆಶ್ರಯ ಪೂರ್ಣವಾಗುತ್ತಿತ್ತು. ಆದ್ದರಿಂದ ಸಾಲುಮರವನ್ನು ಛತ್ರದ ಅಲಂಕಾರವೆಂದಲ್ಲ, ಅದರ ಅಂಗವೆಂದೇ ತಿಳಿಯಬೇಕು.

ಈ ದಾನಭಾವದ ಬೇರು ಇದೇ ಸೀಮೆಯಲ್ಲಿ ಆಳವಾಗಿದೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ ಗಂಗರ ಕಾಲದ್ದು. ಅಲ್ಲಿನ ಮಾನಸ್ತಂಭದಿಂದಲೇ ಊರಿಗೆ ಆ ಹೆಸರು. ಜೈನ ಪರಂಪರೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳನ್ನು ಶ್ರಾವಕಧರ್ಮವಾಗಿ ಬೋಧಿಸಿತು. ಬಸದಿಗಳಿಗೆ ಬಿಟ್ಟ ದತ್ತಿಗಳಲ್ಲಿ ಋಷಿಗಳ ಆಹಾರದಾನವೂ ಸೇರಿರುತ್ತಿತ್ತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಇದೇ ಭಾವ ವೈಷ್ಣವ ರೂಪ ತಾಳಿತು. ವೈರಮುಡಿ ಉತ್ಸವಕ್ಕೆ ಬರುವ ಯಾತ್ರಿಕರನ್ನು ಅಲ್ಲಿಯ ಛತ್ರಗಳು ತಲೆಮಾರುಗಳಿಂದ ಕಂಡಿವೆ. ಮತ ಬೇರೆಯಾದರೂ ಹಸಿದವನ ಮುಂದಿನ ಎಲೆ ಒಂದೇ.

ಛತ್ರದ ಬದುಕು ಕಲ್ಲುಗೋಡೆಯಲ್ಲಿರಲಿಲ್ಲ. ಒಲೆ ಆರದಂತೆ ನೋಡಿಕೊಂಡ ದತ್ತಿಭೂಮಿಯ ಹುಟ್ಟುವಳಿಯಲ್ಲಿತ್ತು, ಕಾಲ್ನಡಿಗೆಯ ಪಯಣದಲ್ಲಿತ್ತು. 1880ರ ದಶಕದಲ್ಲಿ ಬೆಂಗಳೂರು-ಮೈಸೂರು ರೈಲು, ಬಳಿಕ ಬಸ್ಸು ಬಂದವು. ರಾತ್ರಿ ತಂಗಬೇಕಾದ ದೂರ ಕೆಲವೇ ಗಂಟೆಗಳ ಹಾದಿಯಾಯಿತು. ಹುಟ್ಟುವಳಿ ಬತ್ತಿದೆಡೆ ಒಲೆ ಆರಿತು. ಆರೈಕೆಯಿಲ್ಲದ ಗೋಡೆಯ ಬಿರುಕಿನಲ್ಲಿ ಅರಳಿ ಬೇರೂರಿತು. ನೆರಳಿತ್ತ ಮರವೇ ಸೂರನ್ನು ಸೀಳತೊಡಗಿತು.

ಇಂದು 'ಛತ್ರ' ಎಂದೊಡನೆ ನೆನಪಾಗುವುದು ಬಾಡಿಗೆಗೆ ದೊರೆಯುವ ಮದುವೆ ಮಂಟಪ. ಬೆಲೆಯಿಲ್ಲದೆ ಕೊಡುವುದನ್ನೇ ಅರ್ಥವಾಗಿ ಹೊತ್ತ ಪದ ಬೆಲೆ ಕೊಟ್ಟು ಪಡೆಯುವ ಸ್ಥಳಕ್ಕೆ ಸಂದಿದೆ. ಕಟ್ಟಡಗಳ ಜೀರ್ಣೋದ್ಧಾರ ಅಗತ್ಯ, ನಿಜ. ಆದರೆ ದತ್ತಿಪತ್ರ, ಉಂಬಳಿಯ ಕಡತ, ಬಡಿಸಿದವರ ಮನೆತನಗಳ ನೆನಪು ಇವು ದಾಖಲಾಗದಿದ್ದರೆ ಉಳಿಯುವುದು ಗೋಡೆ ಮಾತ್ರ; ಸತ್ರದ ಚರಿತ್ರೆಯಲ್ಲ.