ಎಷ್ಟು ಗಂಟೆ? ಎಷ್ಟು ಗಂಟೆ? ಎಷ್ಟು ಗಂಟೆ?

ವೈಫೈ ಪೆಟ್ಟಿಗೆಗಳ ಫರ್ಮ್‌ವೇರ್ ದೋಷಗಳ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು 2003ರ ವಿಸ್ಕಾನ್ಸಿನ್ ಪ್ರಕರಣ. ಅದರಲ್ಲಿ ಹ್ಯಾಕರುಗಳಿಲ್ಲ, ವೈರಸ್ ಇಲ್ಲ, ಯಾರ ದುರುದ್ದೇಶವೂ ಇಲ್ಲ. ಆದರೂ ಒಂದು ವಿಶ್ವವಿದ್ಯಾಲಯದ ನೆಟ್‌ವರ್ಕ್ ಏದುಸಿರು ಬಿಡುವಂತಾಯ್ತು.

ಆಗಿದ್ದಿಷ್ಟು. ಅಮೆರಿಕದ ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ, ಕೇಳಿದವರಿಗೆಲ್ಲ ಸರಿಯಾದ ಸಮಯ ಹೇಳುವ ಎನ್‌ಟಿಪಿ ಸರ್ವರೊಂದನ್ನು ನಡೆಸುತ್ತಿತ್ತು. ಪುಕ್ಕಟೆ ಸೇವೆ, ನಮ್ಮೂರ ದಾರಿಬದಿಯ ಅರವಟ್ಟಿಗೆ ಇದ್ದ ಹಾಗೆ. 2003ರ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಆ ಸರ್ವರಿಗೆ ಪ್ಯಾಕೆಟ್ಟುಗಳ ಮಹಾಪೂರ. ಅಲ್ಲಿನ ಡೇವ್ ಪ್ಲಾಂಕಾ ಮತ್ತು ಸಂಗಡಿಗರು ಮೊದಲು ಇದು ಯಾರದೋ ದಾಳಿ ಎಂದುಕೊಂಡರು. ಪ್ಯಾಕೆಟ್ಟುಗಳೆಲ್ಲ ಹೊರಟಿದ್ದು 23457 ಎಂಬ ಒಂದೇ ಪೋರ್ಟಿನಿಂದ. ಸರಿ, ಅದನ್ನು ತಡೆದರು. ತಾನಾಗಿಯೇ ತಣ್ಣಗಾಗಬೇಕಿದ್ದ ದಾಳಿ ಜೂನ್ ಹೊತ್ತಿಗೆ ಇನ್ನಷ್ಟು ಏರಿತು, ಸೆಕೆಂಡಿಗೆ ಸುಮಾರು ಎರಡೂವರೆ ಲಕ್ಷ ಪ್ಯಾಕೆಟ್!

ಮೂಲ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನೆಟ್‌ಗೇರ್ ಕಂಪನಿಯ ಮನೆಬಳಕೆಯ ರೌಟರುಗಳು. ಎಂಆರ್814 ಎಂಬ ವೈರ್‌ಲೆಸ್ ಮಾದರಿಯೂ ಅವುಗಳಲ್ಲಿ ಒಂದು. ಇವುಗಳ ಫರ್ಮ್‌ವೇರಿನೊಳಗೆ ವಿಶ್ವವಿದ್ಯಾಲಯದ ಸರ್ವರಿನ ಐಪಿ ವಿಳಾಸವನ್ನೇ ಅಚ್ಚೊತ್ತಿಬಿಟ್ಟಿದ್ದರು. ಪಾಪ, ವಿಶ್ವವಿದ್ಯಾಲಯಕ್ಕೆ ಇದರ ಸುಳಿವೂ ಇರಲಿಲ್ಲ. ಆದರೆ ನನ್ನ ಪ್ರಕಾರ ವಿಳಾಸಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಉತ್ತರ ಬರದಿದ್ದರೆ ಪೆಟ್ಟಿಗೆ ಸೆಕೆಂಡಿಗೊಮ್ಮೆ ಮತ್ತೆ ಕೇಳುತ್ತಿತ್ತು. ಎಲ್ಲಿಯವರೆಗೆ? ಉತ್ತರ ಬರುವವರೆಗೆ! ಅಂದರೆ ಬಾಗಿಲು ಹಾಕಿದಷ್ಟೂ ಬಡಿತ ಜೋರು. ದಾಳಿ ಎಂದು ತಿಳಿದು ತಡೆದದ್ದೇ ಪ್ರವಾಹಕ್ಕೆ ಇಂಬು ಕೊಟ್ಟಿತ್ತು.

ನೆಟ್‌ಗೇರ್ ತಿದ್ದಿದ ಫರ್ಮ್‌ವೇರ್ ಹೊರತಂದಿತು. ಕಥೆ ಮುಗಿಯಿತೇ? ಎಲ್ಲಿ ಮುಗಿಯುತ್ತೆ! ದೋಷವಿದ್ದ ಪೆಟ್ಟಿಗೆಗಳ ಸಂಖ್ಯೆ ಏಳು ಲಕ್ಷಕ್ಕೂ ಹೆಚ್ಚು. ಅವುಗಳ ಒಡೆಯರಿಗೆ ಇಂಟರ್ನೆಟ್ ಚೆನ್ನಾಗಿಯೇ ಬರುತ್ತಿತ್ತು, ತೊಂದರೆ ಆಗುತ್ತಿದ್ದುದು ಮತ್ತೆಲ್ಲೋ ಇದ್ದವರಿಗೆ. ಅಪ್‌ಡೇಟ್ ಮಾಡಬೇಕೆಂದರೆ ಕಂಪನಿಯ ತಾಣಕ್ಕೆ ಹೋಗಿ, ಕಡತ ಇಳಿಸಿಕೊಂಡು, ಬ್ರೌಸರಿನಲ್ಲಿ ಪೆಟ್ಟಿಗೆಯ ಪುಟ ತೆರೆದು ಏರಿಸಬೇಕು. ಮಧ್ಯೆ ಕರೆಂಟು ಹೋದರೆ ಪೆಟ್ಟಿಗೆಯೇ ಸತ್ತುಹೋಗುವ ಭಯ ಬೇರೆ. ಸಮಯ ಗೊತ್ತಾಗುತ್ತಿಲ್ಲ ಎಂದು ಯಾರು ಇಷ್ಟೆಲ್ಲ ಮಾಡುತ್ತಾರೆ, ನೀವೇ ಹೇಳಿ :-) ಆ ಪೆಟ್ಟಿಗೆಗಳನ್ನು ಸುಮ್ಮನಿರಿಸಲು ಇದ್ದ ಖಾತ್ರಿಯ ಉಪಾಯ ಒಂದೇ, ಕೇಳಿದಾಗಲೆಲ್ಲ ಗಂಟೆ ಹೇಳುವುದು.

ಮುಂದೆ ನೆಟ್‌ಗೇರ್ ವಿಶ್ವವಿದ್ಯಾಲಯಕ್ಕೆ 3,75,000 ಡಾಲರ್ ಕೊಟ್ಟಿತು. ಪೆಟ್ಟಿಗೆಯೊಂದಕ್ಕೆ ಲೆಕ್ಕ ಹಾಕಿದರೆ ಅರ್ಧ ಡಾಲರಿಗಿಂತ ತುಸು ಹೆಚ್ಚು.

ಪ್ಲಾಂಕಾ 2005ರ ಜೂನ್‌ನಲ್ಲಿ ಆರ್‌ಎಫ್‌ಸಿ 4085 ಬರೆದರು. ಸಾಧನಗಳೊಳಗೆ ಬೇರೆಯವರ ಐಪಿ ವಿಳಾಸ ಹುದುಗಿಸಬೇಡಿ ಎಂಬುದೇ ಅದರ ಸಾರ. ಆದರೆ ಅದೇ ವರ್ಷ ಡೆನ್ಮಾರ್ಕಿನ ಪೌಲ್-ಹೆನ್ನಿಂಗ್ ಕಾಂಪ್ ಅವರ ಸಮಯ ಸರ್ವರಿಗೂ ಇದೇ ಪಾಡು. ಈ ಬಾರಿ ಡಿ-ಲಿಂಕ್ ಸರದಿ. ಅವರು 2006ರ ಏಪ್ರಿಲ್‌ನಲ್ಲಿ ಬಹಿರಂಗ ಪತ್ರ ಬರೆದ ಮೇಲೆಯೇ ರಾಜಿಯಾದದ್ದು.

2006ರಲ್ಲೇ ಬಂದ ಆರ್‌ಎಫ್‌ಸಿ 4330, ಹದಿನೈದು ಸೆಕೆಂಡಿಗಿಂತ ಬೇಗ ಮತ್ತೆ ಕೇಳಲೇಕೂಡದು ಎಂದಿತು. ಜೊತೆಗೆ "ಸಾಕು, ಇನ್ನು ಕೇಳಬೇಡ" ಎಂದು ಸರ್ವರು ಹೇಳುವ ಒಂದು ಪ್ಯಾಕೆಟ್ಟನ್ನೂ ವಿವರಿಸಿತು. ಹೆಸರು ಕೂಡ ಮಜವಾಗಿದೆ, ಕಿಸ್-ಆಫ್-ಡೆತ್. ಆದರೆ ಅದು ಅರ್ಥವಾಗಬೇಕಾದರೂ ಪೆಟ್ಟಿಗೆಯಲ್ಲಿ ಹೊಸ ಫರ್ಮ್‌ವೇರ್ ಇರಬೇಕಲ್ಲ!